ಚೀಲಕ್ಕೆ ಕೈ ಹಾಕುವ ಮೊದಲು

“ಸರ, ಎರಡೂ ಬ್ಲ್ಯಾಂಕ್ ಅವನಿಗೇ ಹೋದುವ್ರಿ.”

ಚೀಲದಿಂದ ಅಕ್ಷರದ ಬಿಲ್ಲೆ ತೆಗೆದು ಬೋರ್ಡಿನ ಮೇಲೆ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ಸೋತು ಬಂದವರು ನನ್ನೆದುರು ಕೂತು ಆಡುವ ಮೊದಲ ಮಾತು ಇದು. ಎರಡನೆಯದು, “ನನಗ ಬರೇ ಐ ಮತ್ತ ಯು.” ಬೆಳಗಾವಿ ತಿಲಕವಾಡಿಯ ನಮ್ಮ ಮನೆಯ ಪಡಸಾಲೆಗೆ ರವಿವಾರ ಆಟ ಕಲಿಯಲು ಬರುವ ಎಂಟ್ಹತ್ತು ಮಂದಿಯಲ್ಲಿ ಹೀಗೆ ಹೇಳದವರು ಒಬ್ಬರೂ ಇಲ್ಲ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಐದನೇ ಸರದಿಯಲ್ಲಿ ಏನು ಇಟ್ಟಿರಿ, ಯಾಕೆ ಇಟ್ಟಿರಿ? ಅದು ನೆನಪಿರುವುದಿಲ್ಲ. ಬ್ಲ್ಯಾಂಕ್ ಯಾರಿಗೆ ಹೋಯಿತೆಂಬುದು ಮಾತ್ರ ಗೋತ್ರಪ್ರವರದ ಹಾಗೆ ಬಾಯಿಪಾಠ.

ನಸೀಬು ಇಲ್ಲವೆಂದು ನಾನು ಹೇಳುವವನಲ್ಲ. ಬಿಲ್ಲೆ ಅಂದರೆ ಟೈಲ್ಸ್ ನೂರು, ಅದರಲ್ಲಿ ಯಾವ ಅಕ್ಷರವಾದರೂ ಆಗಬಲ್ಲ ಬ್ಲ್ಯಾಂಕ್ ಎರಡೇ. ಆಟದ ಮೊದಲ ಏಳು ಟೈಲ್ಸ್‌ನಲ್ಲಿ ಒಂದಾದರೂ ಬ್ಲ್ಯಾಂಕ್ ಸಿಗುವುದು ಸುಮಾರು ಏಳು ಆಟಕ್ಕೊಮ್ಮೆ. ಎರಡೂ ಎದುರಾಳಿಗೇ ಹೋಗುವುದು ಹತ್ತಿರ ಹತ್ತಿರ ನಾಲ್ಕು ಆಟಕ್ಕೊಮ್ಮೆ. ಅಂದರೆ ಎಂಟು ಆಟದ ಟೂರ್ನಿಯಲ್ಲಿ ಎರಡು ಸಲ ಹಾಗಾದರೆ ಅದು ಅನ್ಯಾಯವಲ್ಲ, ರೂಢಿ. ಎರಡೂ ನಿಮಗೇ ಬಂದ ಇನ್ನೆರಡು ಆಟದ ಸುದ್ದಿಯನ್ನು ಮಾತ್ರ ನನ್ನ ತನಕ ಯಾರೂ ತಂದಿಲ್ಲ.

ನನಗೆ ಸಿಟ್ಟು ಬರಿಸುವುದು ನಸೀಬಿನ ಮಾತಲ್ಲ. ಚೀಲದಿಂದ ಬಂದದ್ದನ್ನು ನೋಡಿ, ಅದಕ್ಕೂ ಮೊದಲು ಇಟ್ಟ ಪದ ಸರಿಯೋ ತಪ್ಪೋ ಎಂದು ತೀರ್ಪು ಕೊಡುತ್ತಾರಲ್ಲ, ಅದು. ಇದೊಂದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ.

ಕಾಲೇಜಿಗೆ ಹೋಗುವ ಒಬ್ಬ ಹುಡುಗನ ಆಟ. ಮೊದಲ ಸರದಿ ಅವನದೇ. ಕೈಗೆ ಬಂದ ಏಳು ಟೈಲ್ಸ್ ಜೋಡಿಸಿಡುವ ರ‍್ಯಾಕಿನಲ್ಲಿ ಆರ್, ಇ, ಟಿ, ಐ, ಎನ್, ಎ, ಜೊತೆಗೊಂದು ವಿ. ಆ ಆರು ಅಕ್ಷರ ಸೇರಿದರೆ ‘ರೆಟಿನಾ’. ಅದಕ್ಕೆ ಸಿ ಸೇರಿದರೆ ‘ಸರ್ಟನ್’, ಜಿ ಸೇರಿದರೆ ‘ಗ್ರ್ಯಾನೈಟ್’, ಕೆ ಸೇರಿದರೆ ‘ಕೆರಟಿನ್’, ಯು ಸೇರಿದರೆ ‘ಟಾರಿನ್’. ಹುಡುಗ ಪದ ಇಡದೆ, ಆ ಸರದಿ ಬಿಟ್ಟುಕೊಟ್ಟು, ವಿ ಒಂದನ್ನೇ ಬದಲಿಸಿದ. ಕಾಣದ ಟೈಲ್ಸ್ 93. ನಾನು ಪದ ಹಿಡಿದು ಎಣಿಸಿದರೆ ಅದರಲ್ಲಿ ಕಡಿಮೆಯೆಂದರೂ 68 ಟೈಲ್ಸ್ ಏಳಕ್ಷರದ ಪದವನ್ನು ಕೈಗಿಡುತ್ತವೆ, ಏಳೂ ಒಟ್ಟಿಗೆ ಇಳಿಸಿದ್ದಕ್ಕೆ ಮೇಲೆ 50 ಅಂಕ ಬೋನಸ್. ಬೋರ್ಡಿನಲ್ಲಿ ಜಾಗ ಸಿಗಬೇಕು ಎಂಬುದು ಬೇರೆ ಮಾತು. ಅವನಿಗೆ ಬಂದದ್ದು ಓ. ಕೈಗೆ ಏನೂ ಹತ್ತಲಿಲ್ಲ, ಮುಂದೆ ಆಟವೂ ಹೋಯಿತು.

“ಬದಲಿ ಮಾಡಿದ್ದs ತಪ್ಪಾತು ನೋಡ್ರಿ ಸರ.”

ಅಲ್ಲೋ ಮಾರಾಯ. ಬದಲಿಸುವುದು ಮೇಲೋ, ವಿ ಸೇರಿಸಿ ಸಣ್ಣ ಪದವೊಂದನ್ನು ಇಟ್ಟು ಹತ್ತು ಹನ್ನೆರಡು ಅಂಕ ತಗೊಳ್ಳುವುದು ಮೇಲೋ, ಅದರ ಬಗ್ಗೆ ಬಲ್ಲವರು ವಾದ ಮಾಡಲಿ. ನಾನೂ ಪಣ ಕಟ್ಟಿ ಹೇಳಲಾರೆ. ಆದರೆ ಆ ವಾದದಲ್ಲಿ ಓ ಸಾಕ್ಷಿ ಹೇಳಲು ಬರುವಂತಿಲ್ಲ. ನಿರ್ಧಾರ ಮಾಡುವಾಗ ಓ ಅವನ ಕೈಯಲ್ಲಿ ಇರಲಿಲ್ಲ. ಅವನ ಹತ್ತಿರ ಇದ್ದದ್ದು 93ರಲ್ಲಿ 68 ಎಂಬ ಲೆಕ್ಕ. ಅದು ಚೀಲಕ್ಕೆ ಕೈ ಹಾಕುವ ಮೊದಲು ಎಷ್ಟಿತ್ತೋ, ಕೈ ತೆಗೆದ ಮೇಲೂ ಅಷ್ಟೇ.

ಇದರ ತಲೆಕೆಳಗಾದ ರೂಪ ಇನ್ನೂ ಕೆಟ್ಟದ್ದು, ಯಾಕೆಂದರೆ ಅಲ್ಲಿ ಯಾರೂ ಅಳುವುದಿಲ್ಲ. ಹುಡುಗಿಯೊಬ್ಬಳು ಬ್ಲ್ಯಾಂಕ್ ಖರ್ಚು ಮಾಡಿ 18 ಅಂಕದ ಪದ ಇಟ್ಟಳು. ಬ್ಲ್ಯಾಂಕ್ ಕೈಯಲ್ಲಿದ್ದರೆ ಅದರ ಬೆಲೆ ಇಪ್ಪತ್ತೈದರ ಮೇಲೆಯೇ ಎಂಬುದು ಆಡುವವರ ಅಂದಾಜು. ಚೀಲಕ್ಕೆ ಕೈ ಹಾಕಿದಳು, ಎರಡನೇ ಬ್ಲ್ಯಾಂಕ್ ಬಂತು. ಮುಂದಿನ ಸರದಿಗೆ ಏಳೂ ಇಳಿಸಿ 74 ಬಾಚಿದಳು, ಆಟ ಗೆದ್ದಳು. “ಆ ಆಟ ಯಾಕ್ ನೋಡೂದು ಸರ, ಗೆದ್ದೇನಲ್ಲ?” ಅದನ್ನೇ ನೋಡಬೇಕು, ತಂಗಿ. ಅವಳು ಈಗಲೂ ಬ್ಲ್ಯಾಂಕನ್ನು ಚಿಲ್ಲರೆಯ ಹಾಗೆ ಖರ್ಚು ಮಾಡುತ್ತಾಳೆ.

ರವಿವಾರ ಪೇಟೆಯಲ್ಲಿ ಅಂಗಡಿ ಇಟ್ಟಿರುವ ಕಾಕಾ ಒಬ್ಬರಿದ್ದಾರೆ. ಅರವತ್ತು ದಾಟಿದೆ, ಎರಡಕ್ಷರದ ಪದಗಳನ್ನು ಮಗ್ಗಿ ಹೇಳಿದ ಹಾಗೆ ಹೇಳುತ್ತಾರೆ. ಬರುವಾಗ ಕೈಯಲ್ಲಿ ಕುಂದಾ ಡಬ್ಬಿ ಇಲ್ಲದೆ ಬಂದದ್ದಿಲ್ಲ, ಆದ್ದರಿಂದ ಅವರ ಮೇಲೆ ಪೂರ್ತಿ ಸಿಟ್ಟಾಗುವುದು ಕಷ್ಟ. ಹೋದ ಮಳೆಗಾಲದಲ್ಲಿ 13 ಅಂಕದಿಂದ ಸೋತರು. ಕಾರಣ ಕೇಳಿದರೆ, “ಕ್ಯೂ ಬಂದು ಕುಂತಿತ್ರಿ, ಹಣೇಬರಹ.” ಇಬ್ಬರೂ ಸೇರಿ ಆಟ ಮತ್ತೆ ಜೋಡಿಸಿದೆವು. ಕ್ಯೂ ಮತ್ತು ಐ, ಎರಡೇ ಅಕ್ಷರದ ‘ಚೀ’ ಎಂಬ ಪದವಿದೆ, ‘ಕ್ವಿ’ ಎಂದು ಓದಬೇಡಿ ಎಂದು ನಾನು ತಲೆ ಚಚ್ಚಿಕೊಳ್ಳುವ ಪದ. ಕ್ಯೂ ಬಂದ ಮೇಲೆ ಮೂರು ಸರದಿ ಅದಕ್ಕೆ ಜಾಗ ತೆರೆದೇ ಇತ್ತು. 11 ಅಂಕ. ಕಾಕಾಗೆ ಹನ್ನೊಂದು ಕಡಿಮೆಯೆನಿಸಿತು, ಯು ಬಂದರೆ ನಲವತ್ತು ಹೊಡೆಯೋಣವೆಂದು ಕಾದರು. ಅಷ್ಟರಲ್ಲಿ ನಾಲ್ಕೂ ಯು, ಎರಡೂ ಬ್ಲ್ಯಾಂಕ್ ಬೋರ್ಡಿನ ಮೇಲೇ ಮಲಗಿದ್ದವು. ಎಣಿಸಿದ್ದರೆ ಕಾಣುತ್ತಿತ್ತು. ಎದುರಾಳಿ ಆ ಐ ಪಕ್ಕದ ಜಾಗ ಮುಚ್ಚಿದ, ತನ್ನ ಟೈಲ್ಸ್ ಖಾಲಿ ಮಾಡಿದ. ಕಾಕಾ ಕೈಯಲ್ಲುಳಿದ ಹತ್ತಂಕದ ಕ್ಯೂನಿಂದ ಅವನಿಗೆ ಎರಡು ಪಟ್ಟು, 20 ಅಂಕ.

ಕ್ಯೂ ಬಂದದ್ದು ನಸೀಬು, ಕಾಕಾ. ಉಳಿದದ್ದು ನಿಮ್ಮದು. ಧರ್ಮರಾಯನಿಗೆ ದಾಳ ಕೈಕೊಟ್ಟಿತು ಎನ್ನಿ, ಆದರೆ ದ್ರೌಪದಿಯನ್ನು ಪಣಕ್ಕಿಡು ಎಂದು ದಾಳವೇನೂ ಹೇಳಲಿಲ್ಲ.

ಚೀಲ ಖಾಲಿಯಾದ ಮೇಲಂತೂ ನಸೀಬಿಗೆ ಕೆಲಸವೇ ಇಲ್ಲ. ಬೋರ್ಡಿನ ಮೇಲಿನವು, ನಿಮ್ಮ ರ‍್ಯಾಕಿನವು ಬಿಟ್ಟು ಉಳಿದವೆಲ್ಲ ಎದುರಾಳಿಯ ಕೈಯಲ್ಲಿವೆ. ಆಗಲೂ ನಸೀಬು ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಹಾಗಾಗಿ ನನ್ನ ಹತ್ತಿರ ಬರುವವರಿಗೆ ಒಂದು ವಹಿ ಕಡ್ಡಾಯ. ರ‍್ಯಾಕಿನಲ್ಲಿ ಏನಿತ್ತು, ಏನು ಇಟ್ಟೆ, ಯಾಕೆ ಇಟ್ಟೆ. ‘ಯಾಕೆ’ಗೆ ಎರಡು ಶಬ್ದ ಸಾಕು: ‘ಎಸ್ ಉಳಿಸಿದೆ’, ‘ಜಾಗ ಮುಚ್ಚಿದೆ’. ಅಭ್ಯಾಸದ ಆಟದಲ್ಲಿ ಇದನ್ನು ಬರೆದ ಮೇಲೇ ಚೀಲ ಮುಟ್ಟಬೇಕು. ಗಡಿಯಾರ ಇಟ್ಟ ಟೂರ್ನಿಯಲ್ಲಿ ಒಬ್ಬೊಬ್ಬರಿಗೆ 25 ನಿಮಿಷ, ಅಲ್ಲಿ ರ‍್ಯಾಕ್ ಅಷ್ಟನ್ನೇ ಗೀಚಿಕೊಂಡರೂ ನಡೆದೀತು.

ಆಮೇಲೆ ಕ್ವಾಕಲ್‌ನಂಥ ಸಾಫ್ಟ್‌ವೇರಿಗೆ ಹಾಕಿ ನೋಡಿ. ಆದರೆ ಅದನ್ನು ದೇವರ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳಬೇಡಿ. ಅದು ಚೀಲದಿಂದ ಸಾವಿರಾರು ಸಲ ಟೈಲ್ಸ್ ತೆಗೆದು ಸರಾಸರಿ ಹೇಳುತ್ತದೆ. ಎರಡು ನಡೆಗಳ ನಡುವೆ ಅರ್ಧ ಅಂಕದ ಅಂತರ ತೋರಿಸಿದರೆ ನಾನು ಅದನ್ನು ತಪ್ಪೆಂದು ಬರೆಯುವುದಿಲ್ಲ. ಹತ್ತು ಅಂಕದ್ದಾದರೆ ಕೆಂಪು ಪೆನ್ನು.

ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದ, 2024ರಲ್ಲಿ ಸ್ಪ್ಯಾನಿಷ್‌ನದನ್ನೂ ಗೆದ್ದ. ಇಂಗ್ಲಿಷ್‌ನಲ್ಲಿ ಐದು ಸಲ ವಿಶ್ವ ಚಾಂಪಿಯನ್. ಅವನೂ ಆಟ ಸೋಲುತ್ತಾನೆ. ಚೀಲ ಅವನಿಗೇನೂ ಬೇರೆ ಹೊಲಿಸಿಲ್ಲ.

ಇಷ್ಟೆಲ್ಲ ಹೇಳುವ ನನ್ನದೂ ಒಂದಿದೆ. ವರ್ಷಗಳ ಹಿಂದೆ ಪುಣೆಯಲ್ಲಿ 31 ಅಂಕದಿಂದ ಸೋತ ಒಂದು ಆಟದ ಕಥೆಯನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೆ: ಎರಡೂ ಬ್ಲ್ಯಾಂಕ್ ಎದುರಾಳಿಗೆ. ಮೊನ್ನೆ ಅಟ್ಟದ ಪೆಟ್ಟಿಗೆಯಲ್ಲಿ ಆ ವಹಿ ಸಿಕ್ಕಿತು. ಬ್ಲ್ಯಾಂಕ್ ಹೋದದ್ದು ಖರೆ. ನಾಲ್ಕನೇ ಸರದಿಯಲ್ಲಿ ನಾನು ಐದು ಅಂಕದ ಆಸೆಗೆ ಎಸ್ ಇಟ್ಟಿದ್ದೆ. ಬಹುವಚನ ಮಾಡುವುದು ತೀರಾ ಸುಲಭವಾಗಬಾರದೆಂದು ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಬೇಕೆಂದೇ ನಾಲ್ಕಕ್ಕೆ ನಿಲ್ಲಿಸಿದ ಅಕ್ಷರ ಅದು. ಒಂಬತ್ತನೇ ಸರದಿಯ ರ‍್ಯಾಕ್ ಪೆನ್ಸಿಲ್‌ನಲ್ಲಿ ಅರ್ಧ ಅಳಿಸಿದೆ, ಆದರೂ ಓದಬಹುದು: ಪಿ, ಎ, ಐ, ಎನ್, ಟಿ, ಇ, ಆರ್. ‘ಪೇಂಟರ್’ ಎಂದು ಅಕ್ಷರಗಳು ಸಾಲಾಗಿ ಕೂತಿವೆ. ಬೇಕಿದ್ದರೆ ‘ರಿಪೇಂಟ್’, ‘ಪರ್ಟೇನ್’ ಕೂಡ. ಬಲಮೂಲೆಯಲ್ಲಿ ಜಾಗವಿತ್ತು. ನಾನು ಎನ್ ಬಿಟ್ಟು ‘ಪೈರೇಟ್’ ಇಟ್ಟಿದ್ದೇನೆ.

ಕಾಕಾಗೆ ತೋರಿಸಿದೆ. ಕನ್ನಡಕ ಮೇಲೆ ಮಾಡಿ ಪುಟವನ್ನು ಬೆಳಕಿಗೆ ಹಿಡಿದು ನಿಧಾನ ಓದಿದರು.

“ಅದೆಲ್ಲಾ ಖರೆ ಸರ,” ಅಂದರು, “ಆದ್ರ ಎರಡೂ ಬ್ಲ್ಯಾಂಕ್ ಅವನ ಕಡೇನ ಇದ್ದುವಲ್ರಿ?”