ಫೋಟೋಗೆ ಸಿಗದ ಹುಲಿಗಳ ಲೆಕ್ಕ

ಹುಲಿ ಗಣತಿಯ ವರದಿ ಬಂದಾಗಲೆಲ್ಲ ಜನ ನನ್ನನ್ನು ಕೇಳುವುದು ಒಂದೇ ಮಾತು. "ಕ್ಯಾಮೆರಾಗೆ ಸಿಕ್ಕಿದ್ದು ಇಷ್ಟು, ವರದಿಯಲ್ಲಿ ಬರೆದಿರೋದು ಅದಕ್ಕಿಂತ ಜಾಸ್ತಿ. ಉಳಿದ ಹುಲಿ ಎಲ್ಲಿಂದ ಬಂತು ಸಾರ್?" ಕೇಳಬೇಕಾದ ಪ್ರಶ್ನೆಯೇ ಇದು. 2022ರ ಗಣತಿಯಲ್ಲಿ ದೇಶದ ಎಲ್ಲ ಕಡೆ ಸೇರಿ ಫೋಟೋಗೆ ಸಿಕ್ಕ ಬೇರೆ ಬೇರೆ ಹುಲಿಗಳು 3,080. ವರದಿ ಕೊಟ್ಟ ಸರಾಸರಿ ಅಂದಾಜು 3,682. ನಡುವಿನ ಆರುನೂರು ಚಿಲ್ಲರೆ ಹುಲಿಗಳು ಯಾವ ಕ್ಯಾಮೆರಾದ ಕಣ್ಣಿಗೂ ಬಿದ್ದಿಲ್ಲ. ಹಾಗಂತ ಅವು ಯಾರೋ ಸುಮ್ನೆ ಸೇರಿಸಿದ ಹುಲಿಗಳೂ ಅಲ್ಲ.

ಹಿಂದೆಲ್ಲ ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ಗಾಜಿನ ಮೇಲೆ ಹೆಜ್ಜೆಯ ಅಚ್ಚು ಬರೆದುಕೊಂಡು, ಇದು ಈ ಹುಲಿ, ಅದು ಆ ಹುಲಿ ಎಂದು ಬೇರೆ ಮಾಡುವುದು. ಒಂದೇ ಹುಲಿ ಕೆಸರಲ್ಲಿ ಒಂದು ತರಹ, ಪುಡಿ ಮಣ್ಣಲ್ಲಿ ಇನ್ನೊಂದು ತರಹ ಹೆಜ್ಜೆ ಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಎಷ್ಟು ಹುಲಿ ನಮ್ಮಿಂದ ತಪ್ಪಿಸಿಕೊಂಡವು ಎಂದು ಹೇಳಲು ಆ ವಿಧಾನದಲ್ಲಿ ದಾರಿಯೇ ಇರಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ದಾಖಲೆ ತುಂಬ ಹುಲಿಗಳಿದ್ದವು. 2005ರ ಹೊತ್ತಿಗೆ ಕಾಡಲ್ಲಿ ಒಂದೂ ಇಲ್ಲ ಎಂಬುದು ಬಯಲಾಯಿತು.

ಬೇರೆ ದಾರಿ ಅದಕ್ಕೂ ಮೊದಲೇ ನಮ್ಮ ನಾಗರಹೊಳೆಯಲ್ಲಿ ತಯಾರಾಗಿತ್ತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಅಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ, ಇಟ್ಟು ಹುಲಿ ಎಣಿಸಿದ ಮೊದಲ ಪ್ರಬಂಧ ಪ್ರಕಟವಾದದ್ದು 1995ರಲ್ಲಿ.

ಕೆಲಸ ನಡೆಯುವುದು ಹೀಗೆ. ಹುಲಿಗೆ ಜೀಪ್ ದಾರಿ ಇಷ್ಟ, ಮುಳ್ಳು ಪೊದೆಯಲ್ಲಿ ನುಗ್ಗುವ ಕಷ್ಟ ಅದಕ್ಕೂ ಬೇಡ. ಹಾಗಾಗಿ ಅಂಥ ದಾರಿಯ ಎರಡೂ ಬದಿಗೆ, ಮೊಣಕಾಲೆತ್ತರದಲ್ಲಿ, ಒಂದೊಂದು ಕ್ಯಾಮೆರಾ ಕಟ್ಟುತ್ತೇವೆ. ಎರಡು ಯಾಕೆಂದರೆ ಹುಲಿಯ ಎಡಮೈ ಪಟ್ಟೆಗೂ ಬಲಮೈ ಪಟ್ಟೆಗೂ ಹೋಲಿಕೆಯೇ ಇಲ್ಲ. ಒಂದೇ ಬದಿಯ ಫೋಟೋ ಇದ್ದರೆ ಒಂದು ಹುಲಿಯನ್ನು ಎರಡೆಂದು ಎಣಿಸುವ ಅಪಾಯ ಇರುತ್ತದೆ. ಕ್ಯಾಮೆರಾ ಮುಂದಿನ ಹುಲ್ಲು, ಕಡ್ಡಿ ಎಲ್ಲ ಸವರಿ ತೆಗೆಯಬೇಕು, ಇಲ್ಲದಿದ್ದರೆ ಬಿಸಿಲಿಗೆ ಕಾದು ಗಾಳಿಗೆ ಅಲ್ಲಾಡುವ ಎಲೆಯ ಫೋಟೋಗಳೇ ರಾಶಿ ಬೀಳುತ್ತವೆ. ವಾಚರ್ ಒಬ್ಬರು ಕ್ಯಾಮೆರಾ ಮುಂದೆ ನಾಲ್ಕು ಕಾಲಲ್ಲಿ ನಡೆದು ತೋರಿಸುತ್ತಾರೆ. ಫೋಟೋ ಬಿದ್ದರೆ ಎತ್ತರ ಸರಿಯಿದೆ ಎಂದರ್ಥ. ಆನೆಗಳು ಪೆಟ್ಟಿಗೆ ಕಿತ್ತು ಬಿಸಾಕುವುದೂ ಉಂಟು.

ಈಗ ಲೆಕ್ಕಕ್ಕೆ ಬರೋಣ. ಒಂದು ಕಾಡಿನಲ್ಲಿ ಮೊದಲ ಸುತ್ತಿಗೆ 20 ಹುಲಿ ಸಿಕ್ಕವು ಎಂದುಕೊಳ್ಳಿ. ಎರಡನೇ ಸುತ್ತಿಗೆ 24. ಪಟ್ಟೆ ಹೋಲಿಸಿ ನೋಡಿದರೆ ಈ 24ರಲ್ಲಿ 12 ಮೊದಲೇ ಸಿಕ್ಕಿದ್ದವು. ಅಂದರೆ ಮೊದಲ ಸುತ್ತು ಕಾಡಿನ ಹುಲಿಗಳಲ್ಲಿ ಸುಮಾರು ಅರ್ಧವನ್ನಷ್ಟೇ ಹಿಡಿದಿದೆ. 20 ಅರ್ಧವಾದರೆ ಪೂರ್ತಿ ಸುಮಾರು 40. ನಮ್ಮ ಕೈಲಿರುವ ಬೇರೆ ಬೇರೆ ಹುಲಿಗಳ ಫೋಟೋ 32, ಕಾಣದೆ ಉಳಿದವು 8. ಕಾಣದ ಹುಲಿಯ ಲೆಕ್ಕ ಹುಟ್ಟುವುದು ಮತ್ತೆ ಮತ್ತೆ ಕಂಡ ಹುಲಿಗಳಿಂದ. ನಿಜವಾದ ಲೆಕ್ಕ ಇದಕ್ಕಿಂತ ತೊಡಕಿನದು, ನಿಜ. ಕ್ಯಾಮೆರಾ ಹತ್ತಿರವೇ ಓಡಾಡುವ ಹುಲಿ ಜಾಸ್ತಿ ಸಲ ಸಿಗುತ್ತದೆ, ಕಾಡಂಚಿನದು ಅಪರೂಪಕ್ಕೆ. ಆದ್ದರಿಂದ ಈಗ ಯಾವ ಹುಲಿ ಯಾವ ಜಾಗದಲ್ಲಿ ಸಿಕ್ಕಿತು ಎಂಬುದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ನಡುವೆ ಹುಲಿ ಸಾಯಬಾರದು, ಹೊರಗಿಂದ ಬಂದು ಸೇರಬಾರದು. ಅದಕ್ಕೇ ಕೆಲವೇ ವಾರಗಳಲ್ಲಿ ಕೆಲಸ ಮುಗಿಸುವ ಅವಸರ.

ಕ್ಯಾಮೆರಾ ಇಡದ ಕಾಡುಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಹುಲಿಯ ಗುರುತು, ಬಲಿ ಪ್ರಾಣಿಗಳು, ಕಾಡಿನ ಸ್ಥಿತಿ ನೋಡಿ ಅಂದಾಜು ಮಾಡುತ್ತಾರೆ. ಇದು ಎಷ್ಟು ನಂಬಿಕೆಗೆ ಅರ್ಹ ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ವರ್ಷಗಳಿಂದ ವಾದ ನಡೆದಿದೆ. ನನ್ನ ಮಟ್ಟಿಗೆ, ಇಡೀ ದೇಶಕ್ಕೆ ಒಂದು ದೊಡ್ಡ ಸಂಖ್ಯೆ ಕೊಡುವುದಕ್ಕಿಂತ ಒಂದೊಂದು ಕಾಡನ್ನು ವರ್ಷ ವರ್ಷ ಬಿಡದೆ ನೋಡುವುದು ಹೆಚ್ಚು ಉಪಯೋಗದ ಕೆಲಸ.

ಯಾಕೆಂದರೆ ಬಿಡದೆ ನೋಡಿದಾಗಲೇ ನಾಗರಹೊಳೆ ದೊಡ್ಡ ವಿಷಯವೊಂದನ್ನು ಹೇಳಿತು. 1991ರಿಂದ 2000ದವರೆಗಿನ ಫೋಟೋಗಳ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ 74 ಹುಲಿಗಳ ಜಾತಕ ಇತ್ತು. ಒಂದು ವರ್ಷ ಇದ್ದ ಹುಲಿಗಳಲ್ಲಿ ಮುಂದಿನ ವರ್ಷಕ್ಕೆ ಅಲ್ಲೇ ಉಳಿಯುತ್ತಿದ್ದದ್ದು ನೂರಕ್ಕೆ 77. ಉಳಿದ 23 ಸತ್ತಿರಬೇಕು, ಇಲ್ಲವೇ ಕಾಡು ಬಿಟ್ಟು ಹೋಗಿರಬೇಕು. ಹೆಚ್ಚೂಕಡಿಮೆ ನಾಲ್ಕರಲ್ಲಿ ಒಂದು! ಆದರೂ ಒಟ್ಟು ಸಂಖ್ಯೆ ಕುಸಿಯಲಿಲ್ಲ. ಕಡವೆ, ಕಾಟಿ, ಜಿಂಕೆ ಧಾರಾಳವಾಗಿದ್ದವು, ಕಾವಲು ಬಿಗಿಯಾಗಿತ್ತು, ಮರಿಗಳು ಆ ಜಾಗ ತುಂಬಿದವು. ಚೆನ್ನಾಗಿರುವ ಕಾಡಿನಲ್ಲೂ ಹುಲಿ ಸಾಯುತ್ತದೆ, ಹೊರಡುತ್ತದೆ. ಒಂದು ಹುಲಿ ಸತ್ತ ಸುದ್ದಿಗೆ ಕಾಡೇ ಮುಗಿಯಿತು ಎಂದು ಕೊರಗುವವರಿಗೆ ನಾನು ಈ ಅಧ್ಯಯನದ ಕಥೆ ಹೇಳುತ್ತೇನೆ. ಕಳ್ಳಬೇಟೆಯಲ್ಲಿ ಜಿಂಕೆ, ಕಡವೆ ಖಾಲಿಯಾಗುವ ಸುದ್ದಿಗೆ ಮಾತ್ರ ನನಗೆ ನಿದ್ದೆ ಬರುವುದಿಲ್ಲ.

ಹೊರಟವು ಎಲ್ಲಿಗೆ ಹೋಗುತ್ತವೆ? 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಸೀಮೆಯಲ್ಲಿ ಒಂದು ಗಂಡು ಹುಲಿಯನ್ನು ಹಿಡಿದರು. ಹಳೆಯ ಫೋಟೋಗಳ ಜೊತೆ ಅದರ ಪಟ್ಟೆ ಹೋಲಿಸಿದರೆ, ಹಿಂದಿನ ವರ್ಷ ಬಂಡೀಪುರದಲ್ಲಿ ಸಿಕ್ಕಿದ್ದ ಹುಲಿ! ನಡುವಿನ ದೂರ ಸುಮಾರು 280 ಕಿಲೋಮೀಟರ್. ಅಷ್ಟು ಉದ್ದಕ್ಕೂ ಒಂದೇ ಕಾಡಿಲ್ಲ ಅಲ್ವಾ. ಊರು, ಹೊಲ, ಹೆದ್ದಾರಿ ಎಲ್ಲ ದಾಟದೆ ಅಲ್ಲಿಗೆ ತಲುಪಲು ಸಾಧ್ಯವೇ ಇಲ್ಲ. ಹಳೆಯ ಫೋಟೋ ಇರದಿದ್ದರೆ ಅದು ಎಲ್ಲಿಂದಲೋ ಬಂದ ಹುಲಿಯಾಗಿಯೇ ಉಳಿಯುತ್ತಿತ್ತು.

ಹೀಗೆ ಕಾಡು ಬಿಟ್ಟು ಹೊರಟ ಹುಲಿಗಳು ಯಾವ ಹಳ್ಳದ ದಂಡೆ, ಯಾವ ಕಾಫಿ ತೋಟದ ಬೇಲಿ ಹಿಡಿದು ನಡೆಯುತ್ತವೆ ಎಂಬುದರ ಬಗ್ಗೆ ನಮ್ಮ ಕೈಲಿರುವ ಫೋಟೋ ಬಹಳ ಕಡಿಮೆ. ಕ್ಯಾಮೆರಾಗಳೆಲ್ಲ ಹೆಚ್ಚಾಗಿ ರಕ್ಷಿತ ಕಾಡಿನ ಒಳಗೇ ಇವೆ. ಎರಡು ಕಾಡಿನ ನಡುವೆ ರಸ್ತೆ ಅಗಲ ಮಾಡುವ, ಕಾಲುವೆ ತೋಡುವ ಯೋಜನೆ ಬಂದಾಗ, ಮೊದಲು ಎರಡು ಬೇಸಿಗೆ ಅಲ್ಲಿ ಕ್ಯಾಮೆರಾ ಇಟ್ಟು ನೋಡೋಣ ಎಂದು ನಾವು ಹಟ ಹಿಡಿಯುವುದು ಇದಕ್ಕೇ. ನಕ್ಷೆ ಗಟ್ಟಿಯಾದ ಮೇಲೆ ಫೋಟೋ ಸಿಕ್ಕರೆ ಪ್ರಾಣಿಗಳು ದಾಟಲು ಮೇಲುಸೇತುವೆ ಎಲ್ಲಿ ಬೇಕು ಎಂದು ಕೇಳುವವರೂ ಇರುವುದಿಲ್ಲ.