ಇಮೋಲಾದಲ್ಲಿ ಸತ್ತವರು ಇಬ್ಬರು

ಮೇ 1 ಅಂದರೆ ನಮ್ಮ ಪುಣೆಯಲ್ಲಿ ರಜೆ. ಮಹಾರಾಷ್ಟ್ರ ದಿನ. ಅವತ್ತು ಸಂಜೆ ಚಿಂಚವಡದ ನಮ್ಮ ಮನೆಯಲ್ಲಿ ಐದಾರು ಜನ ಸೇರುತ್ತೇವೆ. ಹೆಚ್ಚಿನವರು ಚಾಕಣ್, ಭೋಸರಿ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವ ಹುಬ್ಬಳ್ಳಿ, ಬೆಳಗಾವಿಯವರು. ಡೊಂಬಿವಲಿಯಿಂದ ನನ್ನ ಸೋದರಮಾವ ಬರುತ್ತಾರೆ. ಮಾವ ಉಡುಪಿ ಕಡೆಯವರು, ಮುಂಬೈ ಸೇರಿ ಐವತ್ತು ವರ್ಷ ಆಯಿತು. ಟಿವಿ ಪಕ್ಕ ಬ್ರೆಜಿಲ್‌ನ ಕಾರ್ ರೇಸ್ ಚಾಲಕ, ಹಳದಿ ಹೆಲ್ಮೆಟ್ಟಿನ ಐರ್ಟನ್ ಸೆನ್ನಾ ಫೋಟೊ ಇದೆ. ಮಾವ ಅದಕ್ಕೆ ಮಲ್ಲಿಗೆ ಹಾಕುತ್ತಾರೆ. ಆಮೇಲೆ ಚಹಾ, ಮಾತು.

1994ರ ಮೇ 1 ಭಾನುವಾರ. ಬೇಸಿಗೆ ರಜೆಗೆ ನಾನು ಮಾವನ ಮನೆಯಲ್ಲಿದ್ದೆ. ಕೇಬಲ್ ಟಿವಿಯಲ್ಲಿ ಇಟಲಿಯ ಇಮೋಲಾದಿಂದ ಫಾರ್ಮುಲಾ ಒನ್ ಕಾರ್ ರೇಸ್ ಬರುತ್ತಿತ್ತು. ಏಳನೇ ಸುತ್ತಿನಲ್ಲಿ ಸೆನ್ನಾ ಕಾರು ಟಾಂಬುರೆಲ್ಲೊ ತಿರುವಿನಲ್ಲಿ ತಿರುಗಲೇ ಇಲ್ಲ. ನೇರ ಹೋಗಿ ಕಾಂಕ್ರೀಟ್ ಗೋಡೆಗೆ ಬಡಿಯಿತು. ಸಾವಿನ ಸುದ್ದಿ ಬಂದಾಗ ನಮ್ಮಲ್ಲಿ ರಾತ್ರಿ ಹತ್ತು ದಾಟಿತ್ತು. ಮೂರು ಸಲ ಚಾಂಪಿಯನ್ ಆದವನು, 34 ವರ್ಷ. ಮಾವ ಅವತ್ತು ಊಟ ಮಾಡಲಿಲ್ಲ.

ಅದರ ಹಿಂದಿನ ದಿನವೂ ಅಲ್ಲೇ ಒಬ್ಬ ಸತ್ತಿದ್ದ. ಆಸ್ಟ್ರಿಯಾದ ರೋಲಾಂಡ್ ರಾಟ್ಜೆನ್‌ಬರ್ಗರ್. ಫಾರ್ಮುಲಾ ಒನ್‌ನಲ್ಲಿ ಅದು ಅವನ ಮೊದಲ ವರ್ಷ. ಮುಂದಿನ ರೆಕ್ಕೆ ಮುರಿದು, ಗಂಟೆಗೆ 300 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಕಾರು ಗೋಡೆಗೆ ಹೋಯಿತು. ಅದಕ್ಕೆ ಮೊದಲು 12 ವರ್ಷ ಫಾರ್ಮುಲಾ ಒನ್ ರೇಸಿನ ವಾರಾಂತ್ಯದಲ್ಲಿ ಯಾವ ಚಾಲಕನೂ ಸತ್ತಿರಲಿಲ್ಲ. ನಮ್ಮ ಗುಂಪಿನಲ್ಲಿ ಅವನ ಹೆಸರು ಯಾರೂ ಎತ್ತುತ್ತಿರಲಿಲ್ಲ. ನಾನೂ ಅಷ್ಟೇ.

ಈ ವರ್ಷ ಮಾತು ಶುರುವಾಗಿದ್ದು ನನ್ನ ಹೊಸ ಕಾರಿನಿಂದ. ಮಾವ ಬಾನೆಟ್ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. "ಈಗಿನದ್ದೆಲ್ಲ ಬರೀ ತಗಡು ಮಾರಾಯ. ನನ್ನ ಹಳೇ ಕಾರು ಡಿವೈಡರಿಗೆ ಹೊಡೆದಾಗ ಒಂದು ಗೆರೆ ಬಿದ್ದಿರಲಿಲ್ಲ" ಅಂದರು.

ಆ ಅಪಘಾತ ನನಗೆ ನೆನಪಿದೆ. ಕಾರಿಗೆ ನಿಜಕ್ಕೂ ಏನೂ ಆಗಿರಲಿಲ್ಲ. ಮಾವನ ಎರಡು ಪಕ್ಕೆಲುಬು ಮುರಿದಿದ್ದವು. ಕಾರು ನಜ್ಜುಗುಜ್ಜಾಗಿದ್ದರೆ ಬಹುಶಃ ಅವು ಉಳಿಯುತ್ತಿದ್ದವು.

ಊರಲ್ಲಿ ಮಾವಿನಕಾಯಿ ಕೀಳುವಾಗ ಕೆಳಗೆ ಗೋಣಿ ಹಿಡಿಯುತ್ತಾರಲ್ವಾ? ಅದನ್ನು ಬಿಗಿಯಾಗಿ ಎಳೆದು ಹಿಡಿಯಬಾರದು. ಸ್ವಲ್ಪ ಜೋಲು ಬಿಡಬೇಕು. ಕಾಯಿ ಬಿದ್ದಾಗ ಗೋಣಿ ಕೆಳಗೆ ಇಳಿಯುತ್ತದೆ, ಕಾಯಿ ನಿಧಾನಕ್ಕೆ ನಿಲ್ಲುತ್ತದೆ. ನೆಲದ ಮೇಲೆ ಬಿದ್ದರೆ ಕೂದಲೆಳೆ ದೂರದಲ್ಲಿ ನಿಲ್ಲಬೇಕು, ಅದಕ್ಕೇ ಒಡೆಯುತ್ತದೆ. ಬಿದ್ದ ಎತ್ತರ ಒಂದೇ. ನಿಲ್ಲೋಕೆ ಸಿಕ್ಕ ಜಾಗ ಬೇರೆ.

ಕಾರಿನದ್ದೂ ಇದೇ ಲೆಕ್ಕ. ಎಕ್ಸ್‌ಪ್ರೆಸ್‌ವೇಯಲ್ಲಿ 100 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದು ಸುಮಾರು 39 ಮೀಟರ್ ಎತ್ತರದಿಂದ, ಅಂದರೆ ಹದಿಮೂರು ಅಂತಸ್ತಿನಿಂದ ಬಿದ್ದ ಹಾಗೆ. ವೇಗ ದುಪ್ಪಟ್ಟಾದರೆ ಎತ್ತರ ನಾಲ್ಕು ಪಟ್ಟು. 200 ಕಿ.ಮೀ.ಗೆ 157 ಮೀಟರ್! ಆ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಒಂದು ಮೀಟರಿನಲ್ಲಿ ನಿಂತರೆ ನಿಮ್ಮ ತೂಕದ 157 ಪಟ್ಟು ಬಲ ಮೈಮೇಲೆ ಬೀಳುತ್ತದೆ. ಮೂರು ಮೀಟರ್ ಸಿಕ್ಕರೆ 52 ಪಟ್ಟು. ಕಾರಿನ ಮೂತಿ ಮಡಚಿಕೊಂಡು ಹೋಗುವುದು, ಟ್ರ್ಯಾಕಿನ ಅಂಚಿಗೆ ಟೈರುಗಳ ರಾಶಿ ಒಟ್ಟುವುದು, ಗೋಡೆಯನ್ನು ದೂರ ಸರಿಸುವುದು, ಎಲ್ಲವೂ ಆ ಜೋಲು ಗೋಣಿಯೇ. ಟಾಂಬುರೆಲ್ಲೊದಲ್ಲಿ ಗೋಡೆ ಸರಿಸಲು ಜಾಗವಿರಲಿಲ್ಲ, ಹಿಂದೆಯೇ ಸಾಂಟೆರ್ನೊ ನದಿ. ಮರುವರ್ಷ ತಿರುವನ್ನೇ ಮುರಿದು ವೇಗ ಇಳಿಸಿದರು.

ಆದರೆ ಮೈ ಒಂದು ಕಡೆ ನಿಂತು ತಲೆ ನಿಲ್ಲದಿದ್ದರೆ? ರಾಟ್ಜೆನ್‌ಬರ್ಗರ್‌ಗೆ ಆಗಿದ್ದು ಇದು. ಬೆಲ್ಟ್ ಎದೆಯನ್ನು ಹಿಡಿದಿತ್ತು. ತಲೆಯನ್ನು ಹಿಡಿಯುವಂಥದ್ದು ಏನೂ ಇರಲಿಲ್ಲ. ತಲೆ, ಹೆಲ್ಮೆಟ್ ಸೇರಿ ಆರೂವರೆ ಕಿಲೋ ಅಂದುಕೊಳ್ಳಿ. 50 ಪಟ್ಟು ಬಲದಲ್ಲಿ ಅದು 325 ಕಿಲೋ ಭಾರವಾಗಿ ಕುತ್ತಿಗೆಯನ್ನು ಎಳೆಯುತ್ತದೆ. ತಲೆಬುರುಡೆಯ ಬುಡವೇ ಬಿರಿಯುತ್ತದೆ.

ನನಗೆ ಅತ್ಯಂತ ನೋವಾಗುವ ಸಂಗತಿ ಏನೆಂದರೆ, ಇದಕ್ಕೆ ಉತ್ತರ ಆಗಲೇ ಸಿದ್ಧವಿತ್ತು. ಅಮೆರಿಕದಲ್ಲಿ ಜಿಮ್ ಡೌನಿಂಗ್ ಎಂಬ ರೇಸ್ ಚಾಲಕ. 1981ರಲ್ಲಿ ಅವನ ಗೆಳೆಯನೊಬ್ಬ ಇಂಥದ್ದೇ ಪೆಟ್ಟಿನಿಂದ ಸತ್ತ. ಡೌನಿಂಗ್‌ನ ಭಾವ ರಾಬರ್ಟ್ ಹಬ್ಬರ್ಡ್ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಪೆಟ್ಟು ಬಿದ್ದಾಗ ದೇಹ ಹೇಗೆ ವರ್ತಿಸುತ್ತದೆ ಎಂಬುದೇ ಅವರ ವಿಷಯ. ಇಬ್ಬರೂ ಸೇರಿ ಹ್ಯಾನ್ಸ್ ಎಂಬ ಕೊರಳಪಟ್ಟಿ ಮಾಡಿದರು. ಅದು ಹೆಗಲ ಮೇಲೆ ಕೂರುತ್ತದೆ, ಸೀಟ್ ಬೆಲ್ಟ್ ಅದನ್ನು ಒತ್ತಿ ಹಿಡಿಯುತ್ತದೆ, ಎರಡು ಪಟ್ಟಿಗಳು ಅದನ್ನು ಹೆಲ್ಮೆಟ್ಟಿಗೆ ಕಟ್ಟುತ್ತವೆ. ಮೈ ಜೊತೆಗೇ ತಲೆಯೂ ನಿಲ್ಲುತ್ತದೆ. ಇಷ್ಟೇ! ಕಿರಿಕಿರಿ ಅಂತ ಚಾಲಕರು ಬೇಡ ಅಂದರು. ಇಮೋಲಾ ಆದ ಮೇಲೆ ರೇಸ್ ಕಾರಿಗೆ ಏರ್‌ಬ್ಯಾಗ್ ಹಾಕಬಹುದೇ ಎಂದು ಪರೀಕ್ಷೆ ಮಾಡಿದವರಿಗೆ, ಅದಕ್ಕಿಂತ ಈ ಪಟ್ಟಿಯೇ ವಾಸಿ ಎಂದು ಕಂಡಿತು. ಫಾರ್ಮುಲಾ ಒನ್‌ನಲ್ಲಿ ಅದು ಕಡ್ಡಾಯವಾಗಿದ್ದು 2003ರಲ್ಲಿ.

ಸೆನ್ನಾ ಸತ್ತಿದ್ದು ಬೇರೆ ಕಾರಣಕ್ಕೆ. ಮುರಿದ ಮುಂಚಕ್ರ, ಅದನ್ನು ಕಾರಿಗೆ ಜೋಡಿಸುವ ಸಸ್ಪೆನ್ಷನ್ ಸಮೇತ ಹಿಂದಕ್ಕೆ ಬಂದು ತಲೆಗೆ ಬಡಿಯಿತು. ಅದಕ್ಕಾಗಿ ಚಕ್ರಗಳನ್ನು ಗಟ್ಟಿ ಹಗ್ಗದಿಂದ ಕಾರಿಗೆ ಕಟ್ಟುವ ಪದ್ಧತಿ ಬಂತು. ಅದೂ ಸಾಲಲಿಲ್ಲ. 2009ರಲ್ಲಿ ಫಾರ್ಮುಲಾ ಟು ರೇಸಿನಲ್ಲಿ ಕಿತ್ತುಬಂದ ಚಕ್ರ ತಲೆಗೆ ಬಡಿದು ಹೆನ್ರಿ ಸರ್ಟೀಸ್ ಎಂಬ 18ರ ಹುಡುಗ ಸತ್ತ. 2018ರಲ್ಲಿ ಹೇಲೊ ಬಂತು. ಚಾಲಕನ ತಲೆಯ ಸುತ್ತ ಟೈಟಾನಿಯಂ ಕಮಾನು, ತೂಕ ಸುಮಾರು 7 ಕಿಲೋ. ಕಾರಿನ ಅಂದ ಕೆಟ್ಟಿತು ಅಂತ ನಾವೆಲ್ಲ ಇದೇ ಕೋಣೆಯಲ್ಲಿ ಕೂತು ಬೈದಿದ್ದೆವು. ಚಾಲಕ ರೊಮೇನ್ ಗ್ರೋಜಾನ್ ಕೂಡ ವಿರೋಧಿಸಿದ್ದ. 2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ಅವನ ಕಾರು 192 ಕಿ.ಮೀ. ವೇಗದಲ್ಲಿ ಕಬ್ಬಿಣದ ತಡೆಬೇಲಿ ಸೀಳಿ ಒಳಹೊಕ್ಕಿತು. ಕಾರು ಎರಡು ತುಂಡು, ಬೆಂಕಿ. ಬಿದ್ದ ಬಲ ಮೈತೂಕದ 67 ಪಟ್ಟು. ಬೇಲಿಯ ಪಟ್ಟಿಗಳನ್ನು ತಲೆಗೆ ತಾಗದಂತೆ ತಡೆದಿದ್ದು ಆ ಕಮಾನು. ಅರ್ಧ ನಿಮಿಷದೊಳಗೆ ಅವನು ಬೆಂಕಿಯಿಂದ ತಾನೇ ಎದ್ದು ಬಂದ. ಮಾವ ಅವತ್ತು ಫೋನ್ ಮಾಡಿ ಅತ್ತಿದ್ದರು.

ಇನ್ನು ನನ್ನ ತಗಡಿನ ಕಾರು. 1994ರಲ್ಲಿ ಫಾರ್ಮುಲಾ ಒನ್ ನಿಯಮ ಮಾಡುವ ಎಫ್‌ಐಎ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಮ್ಯಾಕ್ಸ್ ಮೋಸ್ಲಿ. ಎಲ್ಲರೂ ಸೆನ್ನಾ ಅಂತ್ಯಕ್ರಿಯೆಗೆ ಬ್ರೆಜಿಲ್‌ಗೆ ಹೋದಾಗ ಅವರು ಹೋಗಿದ್ದು ರಾಟ್ಜೆನ್‌ಬರ್ಗರ್ ಅಂತ್ಯಕ್ರಿಯೆಗೆ. ರೇಸಿನಲ್ಲಿ ಕಲಿತದ್ದು ರಸ್ತೆಗೂ ಬರಬೇಕು ಎಂದು ಪಟ್ಟು ಹಿಡಿದವರೂ ಅವರೇ. ಕಾರುಗಳನ್ನು ಗುದ್ದಿಸಿ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೊ ಎನ್‌ಕ್ಯಾಪ್ 1997ರಲ್ಲಿ ಶುರುವಾದಾಗ ಅದರ ಮೊದಲ ಅಧ್ಯಕ್ಷರಾದರು. ಮುಂದೆ ಗ್ಲೋಬಲ್ ಎನ್‌ಕ್ಯಾಪ್ ಬಂತು, ಅದಕ್ಕೂ ಅವರೇ. ಆ ಸಂಸ್ಥೆ 2014ರ ಜನವರಿಯಲ್ಲಿ ನಮ್ಮ ದೇಶದ ಐದು ಸಣ್ಣ ಕಾರುಗಳ ಫಲಿತಾಂಶ ಹೊರಹಾಕಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ. 2017ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೆ ಗುದ್ದುವ ಪರೀಕ್ಷೆ ಕಡ್ಡಾಯವಾಯಿತು. 2023ರ ಅಕ್ಟೋಬರ್ 1ರಂದು ಭಾರತ್ ಎನ್‌ಕ್ಯಾಪ್ ಜಾರಿಗೆ ಬಂತು. ಅದಕ್ಕಾಗಿ ಕಾರು ಗುದ್ದಿಸುವ ಸಂಸ್ಥೆಗಳಲ್ಲಿ ಒಂದು ನಮ್ಮ ಪುಣೆಯ ಎಆರ್‌ಎಐ. ಮುಂಭಾಗದ ಗುದ್ದು ಗಂಟೆಗೆ 64 ಕಿ.ಮೀ., ಅಂದರೆ ಐದಂತಸ್ತಿನಿಂದ ಬಿದ್ದಂತೆ. ಮೂತಿ ಮಡಚಬೇಕು, ಕೂರುವ ಜಾಗ ಮಾತ್ರ ಮಡಚಬಾರದು.

ಮಾವ ಸುಮ್ನೆ ಕೇಳಿಸಿಕೊಂಡರು. ಕೈ ಪಕ್ಕೆಯ ಮೇಲಿತ್ತು. ಆಮೇಲೆ ನಾನು ಇನ್ನೊಂದು ಸಂಗತಿ ಹೇಳಿದೆ. ಸೆನ್ನಾ ಸತ್ತಾಗ ಅವನ ಕಾರಿನೊಳಗೆ ಮಡಚಿಟ್ಟ ಆಸ್ಟ್ರಿಯಾ ಬಾವುಟ ಸಿಕ್ಕಿತ್ತು. ರೇಸ್ ಮುಗಿದ ಮೇಲೆ ರಾಟ್ಜೆನ್‌ಬರ್ಗರ್ ನೆನಪಿಗೆ ಅದನ್ನು ಬೀಸಬೇಕು ಅಂತಿದ್ದ.

"ಆ ಹುಡುಗನದ್ದೊಂದು ಫೋಟೊ ತರಿಸು ಮಾರಾಯ" ಅಂದರು ಮಾವ. ಎದ್ದು ಹೋಗಿ ಸೆನ್ನಾ ಫೋಟೊವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರು.