ಹುಂಜಕ್ಕೆ ಹಲ್ಲಿಲ್ಲ, ಮುಳ್ಳಿದೆ

ಎತ್ತು ಕೊಳ್ಳುವವರು ಮೊದಲು ಬಾಯಿ ಬಿಡಿಸುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಅಂತ ವಯಸ್ಸು ಅಲ್ಲೇ ಇತ್ಯರ್ಥ. ಹುಂಜದ ಬಾಯಲ್ಲಿ ನೋಡೋಕೆ ಏನಿದೆ? ಮೂಳೆಯೂ ಆರು ತಿಂಗಳ ಹೊತ್ತಿಗೆ ಬೆಳೆದು ನಿಲ್ಲುತ್ತದೆ. ಆಮೇಲೆ ಒಂದು ವರ್ಷದ್ದೂ ಐದು ವರ್ಷದ್ದೂ ಹೆಚ್ಚುಕಮ್ಮಿ ಒಂದೇ ಥರ.

"ಜುಟ್ಟು ನೋಡಿ ಸಾರ್, ಎಷ್ಟು ಕೆಂಪಗಿದೆ, ಎಳೇದು" ಅಂತ ಸಂತೆಯಲ್ಲಿ ಯಾರಾದರೂ ಹೇಳಿದರೆ ನನಗೆ ರೇಗುತ್ತದೆ. ಜುಟ್ಟಿನ ಕೆಂಪಿಗೆ ಕಾರಣ ಗಂಡು ಹಾರ್ಮೋನು. ಅದನ್ನು ನೋಡಿದರೆ ಆರೋಗ್ಯ ತಿಳಿದೀತು, ವಯಸ್ಸಲ್ಲ.

ನೋಡಬೇಕಾದ್ದು ಕಾಲಿನ ಹಿಂಬದಿಯ ಮುಳ್ಳು. ಹಸುವಿನ ಕೊಂಬಿನ ಹಾಗೆ ಅದರೊಳಗೆ ಮೂಳೆ, ಹೊರಗೆ ಉಗುರಿನಂಥ ಚಿಪ್ಪು. ಕತ್ತಿ ಮತ್ತು ಒರೆ ಅಂದುಕೊಳ್ಳಿ. ಮಜಾ ಏನೆಂದರೆ, ಈ ಒಳಗಿನ ಮೂಳೆ ಕಾಲಿನ ಮೂಳೆಯಿಂದ ಚಿಗುರುವುದಿಲ್ಲ. ಚರ್ಮದ ಒಂದು ಗುಬುಟಿನಲ್ಲಿ ಬೇರೆಯಾಗಿಯೇ ಗಟ್ಟಿಯಾಗಿ, ಆಮೇಲೆ ಕಾಲಿಗೆ ಬೆಸೆದುಕೊಳ್ಳುತ್ತದೆ. ಮಾವಿನ ಕಸಿ ಕೂಡಿಕೊಂಡ ಹಾಗೆ! ಎಳೆ ಹುಂಜದ ಮುಳ್ಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಚರ್ಮದ ಜೊತೆ ಅಲ್ಲಾಡುತ್ತದೆ. ಬಲಿತದ್ದರಲ್ಲಿ ಕದಲುವುದಿಲ್ಲ.

ಮುಳ್ಳು ಬಂದರೆ ಗಂಡಸುತನ ಅನ್ನುವುದೂ ಪೂರ್ತಿ ನಿಜವಲ್ಲ. ಬೀಜ ತೆಗೆದ ಹುಂಜಕ್ಕೂ ಮುಳ್ಳು ಬರುತ್ತದೆ. ಹೇಟೆಯಲ್ಲಿ ಅದನ್ನು ತಡೆದಿಡುವುದು ಹೆಣ್ಣು ಹಾರ್ಮೋನು. ಮುದಿ ಹೇಟೆಗೆ ಕೆಲವೊಮ್ಮೆ ಮುಳ್ಳು ಮೂಡುವುದನ್ನು ಅಪಶಕುನ ಅಂದುಕೊಂಡು ಪಾಪ, ಅದರ ಕುತ್ತಿಗೆಗೆ ಕೈಹಾಕಬೇಡಿ.

ಬ್ರಿಟನ್ನಿನ ಪುರಾತತ್ವ ಸಂಶೋಧಕ ಷಾನ್ ಡೊಹರ್ಟಿ ಮತ್ತು ಜೊತೆಗಾರರು 2021ರಲ್ಲಿ ಇದೇ ಮುಳ್ಳು ಹಿಡಿದು ಹೊರಟರು. ವಯಸ್ಸು ಗೊತ್ತಿದ್ದ ಈಚಿನ ಹುಂಜಗಳ ಮೂಳೆ ಅಳೆದರು. ವರ್ಷ ತುಂಬದವುಗಳಲ್ಲಿ ನೂರಕ್ಕೆ 20ರಲ್ಲಿ ಮಾತ್ರ ಮುಳ್ಳು. ಆರು ವರ್ಷ ದಾಟಿದ ಎಲ್ಲದರಲ್ಲೂ ಇತ್ತು. ಆಮೇಲೆ ಬ್ರಿಟನ್ನಿನ ನೆಲದಡಿ ಸಿಕ್ಕ 123 ಹಳೆಯ ಮೂಳೆಗಳಿಗೆ ಅದೇ ಲೆಕ್ಕ ಹಾಕಿದರು. ಅರ್ಧಕ್ಕಿಂತ ಜಾಸ್ತಿ ಹುಂಜಗಳು ಎರಡು ವರ್ಷ ಮೀರಿ ಬದುಕಿದ್ದವು! ಈಗಿನ ಬ್ರಾಯ್ಲರ್‌ಗೆ ಆರು ವಾರ ಸಿಕ್ಕರೆ ಹೆಚ್ಚು. ಬ್ರಿಟನ್ನಿನವರು ಕೋಳಿ ತಿನ್ನುವುದಿಲ್ಲ, ಖುಷಿಗೆ ಸಾಕುತ್ತಾರೆ ಅಂತ ಜೂಲಿಯಸ್ ಸೀಸರ್ ಬರೆದಿದ್ದ. ಸುಮ್ನೆ ಬರೆದದ್ದಲ್ಲ ಅನ್ನಿಸುತ್ತದೆ. ತುಳುನಾಡಿನ ಕೋಳಿ ಅಂಕದ, ಅಂದರೆ ಕಾಳಗದ, ಹುಂಜದ ಆರೈಕೆ ಕಂಡವರಿಗೆ ಇದು ಹೊಸದಲ್ಲ, ಅಲ್ವಾ?

ಆದರೂ ಮುಳ್ಳಿನ ಉದ್ದದಿಂದ ತಿಂಗಳು ಎಣಿಸೋಕೆ ಹೋಗಬೇಡಿ. ತಳಿಗೊಂದು ಥರ ಬೆಳೆಯುತ್ತದೆ, ಸವೆಯುತ್ತದೆ, ಸಾಕುವವರು ಕತ್ತರಿಸುವುದೂ ಉಂಟು.

ಕಳೆದ ಸಲ ಸಂತೆಯಲ್ಲಿ "ಎಂಟು ತಿಂಗಳದ್ದು" ಅಂದ ಹುಂಜದ ಮುಳ್ಳು ಒತ್ತಿದೆ. ಕಲ್ಲು. ಆದರೂ ಜುಟ್ಟಿಗೆ ಮರುಳಾಗಿ ತಂದೆ. ಕುಕ್ಕರ್ ಒಂಬತ್ತು ಸಲ ಕೂಗಿತು.